ಮುಸೊಲಿನಿ ಯಾವಾಗ ಬದಲಾದ?

ನಮಸ್ಕಾರ.

ಎರಡು ಮಹಾಯುದ್ಧಗಳ ನಡುವೆ ಯುರೋಪಿನ ದೇಶಗಳು ಪಕ್ಷ ಬದಲಿಸಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಶ್ರಮವೂ ಕಾಣುತ್ತದೆ. ಆದರೆ ಎರಡು ವಾಕ್ಯ ಓದಿ ನಿಜಕ್ಕೂ ಸಿಟ್ಟು ಬಂತು.

ಮೊದಲನೆಯದು: "ಮುಸೊಲಿನಿ ಮೊದಲಿನಿಂದಲೂ ಹಿಟ್ಲರನ ಕಡೆಯವನೇ." ಯಾರು ಹೇಳಿದ್ದು? 1934ರ ಜುಲೈನಲ್ಲಿ ಆಸ್ಟ್ರಿಯಾದ ಚಾನ್ಸಲರ್ ಡಾಲ್ಫಸ್ ಅವರನ್ನು ನಾಜಿಗಳು ಕೊಂದರು. ಆಗ ಅವರ ಹೆಂಡತಿ, ಮಕ್ಕಳು ಇಟಲಿಯ ರಿಚೋನೆಯಲ್ಲಿ ಮುಸೊಲಿನಿಯ ಅತಿಥಿಗಳು. ಮುಸೊಲಿನಿ ಕೂಡಲೇ ಆಸ್ಟ್ರಿಯಾ ಜೊತೆಗಿನ ಬ್ರೆನ್ನರ್ ಗಡಿಗೆ ಸೈನ್ಯ ಕಳಿಸಿದ. 1935ರ ಏಪ್ರಿಲ್‌ನಲ್ಲಿ ಸ್ಟ್ರೇಸಾದಲ್ಲಿ ಬ್ರಿಟನ್, ಫ್ರಾನ್ಸ್ ಜೊತೆ ಸೇರಿ ಜರ್ಮನಿಗೆ ಎದುರು ನಿಂತ. ಆದರೆ ಎರಡೇ ತಿಂಗಳಲ್ಲಿ, ಜೂನ್ 18ಕ್ಕೆ, ಬ್ರಿಟನ್ ಇಟಲಿಯನ್ನೂ ಫ್ರಾನ್ಸನ್ನೂ ಕೇಳದೆ ಹಿಟ್ಲರನ ಜೊತೆ ನೌಕಾ ಒಪ್ಪಂದ ಮಾಡಿಕೊಂಡಿತು. ಬ್ರಿಟಿಷ್ ನೌಕಾಬಲದ ಶೇ. 35ರಷ್ಟನ್ನು ಜರ್ಮನಿ ಕಟ್ಟಿಕೊಳ್ಳಬಹುದು ಅಂತ! ಅಕ್ಟೋಬರ್‌ನಲ್ಲಿ ಇಟಲಿ ಇಥಿಯೋಪಿಯಾಕ್ಕೆ ನುಗ್ಗಿತು. ಇಟಲಿಯ ಮೇಲೆ ರಾಷ್ಟ್ರಸಂಘದ ವ್ಯಾಪಾರ ನಿರ್ಬಂಧಗಳು ಬಂದವು, ಆದರೆ ಅವು ಎಣ್ಣೆಯನ್ನು ಮುಟ್ಟಲಿಲ್ಲ. ಮುಸೊಲಿನಿಗೆ ಮುನಿಸು ಬಂತೇ ಹೊರತು ಯುದ್ಧ ನಿಲ್ಲಲಿಲ್ಲ. 1936ರ ನವೆಂಬರ್ ಹೊತ್ತಿಗೆ ಅವನ ಬಾಯಲ್ಲಿ ರೋಮ್-ಬರ್ಲಿನ್ 'ಅಕ್ಷ'ದ, ಅಂದರೆ ಇಟಲಿ-ಜರ್ಮನಿ ಕೂಟದ ಮಾತು. ಈ ಎರಡು ವರ್ಷ ಚಿಲ್ಲರೆಯೇ ನಿಮ್ಮ ಲೇಖನದ ಜೀವ ಅಲ್ವಾ? ಅದನ್ನೇ "ಮೊದಲಿನಿಂದಲೂ" ಅಂತ ಒರೆಸಿ ಹಾಕಿದ್ದೀರಿ.

ಎರಡನೆಯದು: "1938ರಲ್ಲಿ ರಷ್ಯಾ ಚೆಕೊಸ್ಲೊವಾಕಿಯಾಕ್ಕೆ ಕೈಕೊಟ್ಟಿತು." ಈ ಎರಡು ದೇಶಗಳ ನಡುವಿನ 1935ರ ಮೇ ತಿಂಗಳ ಒಪ್ಪಂದ ತೆಗೆದು ನೋಡಿ. ಫ್ರಾನ್ಸ್ ನೆರವಿಗೆ ಬಂದರೆ ಮಾತ್ರ ಸೋವಿಯತ್ ರಷ್ಯಾ ಬರಬೇಕು ಎಂಬ ಷರತ್ತು ಅದರಲ್ಲೇ ಇದೆ. ಫ್ರಾನ್ಸ್ ಮ್ಯೂನಿಕ್‌ನಲ್ಲಿ, ಚೆಕೊಸ್ಲೊವಾಕಿಯಾದ ಗಡಿನಾಡನ್ನು ಜರ್ಮನಿಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಹಿಟ್ಲರನ ಜೊತೆ ಸಹಿ ಹಾಕಿತು. ರಷ್ಯಾಕ್ಕೆ ಅಲ್ಲಿಗೆ ಕರೆಯೇ ಇರಲಿಲ್ಲ. ಕರೆದಿದ್ದರೂ ಸ್ಟಾಲಿನ್ ಬರುತ್ತಿರಲಿಲ್ಲ ಅಂತ ಬೇಕಾದರೆ ವಾದಿಸಿ, ನಾನು ಬೇಡ ಅನ್ನುವುದಿಲ್ಲ. ಷರತ್ತನ್ನು ಮಾತ್ರ ಓದುಗರಿಂದ ಮುಚ್ಚಿಡಬೇಡಿ.

ನಾನು ಈ ಕೆಲಸ ಕಲಿತದ್ದು ಒಬ್ಬ ಹಿರಿಯ ಉಪಸಂಪಾದಕರ ಕೈಕೆಳಗೆ. ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು: "ಯಾವ ದಿನ? ಆ ದಿನ ಇವನಿಗೆ ಏನು ಗೊತ್ತಿತ್ತು?" ಉತ್ತರ ಸಿಗುವವರೆಗೆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಗ್ರಂಥಾಲಯಕ್ಕೆ ಓಡಿ, ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ, ಧೂಳಿಗೆ ಸೀನುತ್ತಾ ಹುಡುಕುತ್ತಿದ್ದೆ. ಇವತ್ತಿಗೂ ಯಾರ ಬರಹ ಓದಿದರೂ ನನಗೆ ಮೊದಲು ಬರುವುದು ಆ ಪ್ರಶ್ನೆಯೇ.

ಲೇಖನದಲ್ಲಿರುವ ಲೊಕಾರ್ನೊ ಒಪ್ಪಂದ, ಪೋಲೆಂಡ್ ಎಲ್ಲ ಸದ್ಯಕ್ಕೆ ಬಿಡಿ. ಡಾಲ್ಫಸ್ ಕೊಲೆಯಿಂದ 'ಅಕ್ಷ'ದ ಭಾಷಣದವರೆಗೆ ಇಟಲಿಯ ಕಥೆಯನ್ನಷ್ಟೇ ತಿಂಗಳು ತಿಂಗಳಾಗಿ ಬರೆಯಿರಿ. ಆ ಲೇಖನ ನನಗೆ ಬೇಕು. ಬೇಗ ಕಳಿಸಿ.