ಗೆರೆ ಎಳೆಯುವ ಮುನ್ನವೇ ಮಾತನಾಡಿ

ಪ್ರಶ್ನೆ: ಸರ್, ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹೆದ್ದಾರಿಯ ಬದಿಗಿದೆ. ಕಳೆದ ತಿಂಗಳು ಸರ್ವೆಯವರು ಬಂದು ಅಂಗಳದಂಚಿನ ಕಲ್ಲಿಗೂ ಎರಡು ಅಡಿಕೆ ಮರಗಳಿಗೂ ಕೆಂಪು ಬಣ್ಣ ಬಳಿದು ಹೋದರು. ಕೇಳಿದ್ದಕ್ಕೆ, ‘ಮುಂದಿನ ಇಪ್ಪತ್ತು ವರ್ಷಗಳ ವಾಹನ ಸಂಚಾರದ ಲೆಕ್ಕ’ ಎಂದರು. ನೋಟಿಸ್ ಬಂದ ಮೇಲೆ ಮಾತನಾಡಿದರೆ ಸಾಕೇ?
– ಓದುಗರೊಬ್ಬರು

ಉತ್ತರ: ಸಾಲದು, ತಾಯಿ. ನೋಟಿಸ್ ಬರುವ ಹೊತ್ತಿಗೆ ನಕ್ಷೆಯ ಮೇಲೆ ಗೆರೆ ಎಳೆದಾಗಿರುತ್ತದೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಪ್ರಕಾರ ಭೂಸ್ವಾಧೀನದ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಕೊಡಬಹುದು. ಅಹವಾಲು ಕೇಳುವುದು ಅವರ ಕರ್ತವ್ಯ. ಆ ಹಕ್ಕನ್ನು ಬಿಡಬೇಡಿ. ಆದರೆ ಅದು ಜಮೀನಿಗೆ ಸಂಬಂಧಪಟ್ಟವರ ಹಕ್ಕು. ಜಮೀನು ಉಳಿದು ದಾರಿ ಮಾತ್ರ ಹೋಗುವವರೂ ಇದ್ದಾರಲ್ಲ? ರಸ್ತೆಯಾಚೆಯ ಗದ್ದೆಗೆ ದನ ಹೊಡೆದುಕೊಂಡು ಹೋಗುವವರು, ಬಸ್ಸಿಗೆ ಕಾಯುವ ಶಾಲೆಯ ಮಕ್ಕಳು? ಪರಿಸರ ಅನುಮತಿ ಬೇಕಾದ ದೊಡ್ಡ ಹೆದ್ದಾರಿಗಳಿಗೆ ಪರಿಸರದ ಮೇಲಿನ ಪರಿಣಾಮದ ಅಂದಾಜಿಗೆ ಸಂಬಂಧಿಸಿದ ಕೇಂದ್ರದ 2006ರ ಅಧಿಸೂಚನೆಯಂತೆ 30 ದಿನಗಳ ಮುನ್ಸೂಚನೆ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಹೊಸದಾಗಿ ಜಮೀನು ಬೇಡದ ವಿಸ್ತರಣೆಗೆ ಆ ಸಭೆಯೂ ಇಲ್ಲ.

ಆದ್ದರಿಂದ ಡಿಪಿಆರ್, ಅಂದರೆ ರಸ್ತೆಯ ವಿವರವಾದ ಯೋಜನಾ ವರದಿ, ತಯಾರಾಗುತ್ತಿರುವ ಈಗಲೇ ಬರೆದು ಕೊಡಿ. ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ಹೊಸನಗರದ ಕಡೆ ಮೋರಿ ಕಟ್ಟಿಸುತ್ತಿದ್ದಾಗ ಅಜ್ಜಿಯೊಬ್ಬರು ಬಂದು, ‘ಪುನರ್ವಸು ಮಳೆಗೆ ನೀರು ಈ ಕಟ್ಟೆಯವರೆಗೆ ಏರುತ್ತದೆ ಮಾರಾಯರೇ, ಈ ಕೊಳವೆ ಸಾಲದು’ ಎಂದರು. ನನ್ನ ಕೈಯಲ್ಲಿ ಮಳೆಯ ಲೆಕ್ಕವಿತ್ತು; ಅವರ ಮಾತನ್ನು ಬರೆದುಕೊಳ್ಳಲಿಲ್ಲ. ಎರಡನೇ ಮಳೆಗಾಲಕ್ಕೆ ಮೋರಿಯ ಜೊತೆ ರಸ್ತೆಯೂ ಕೊಚ್ಚಿಹೋಯಿತು. ಆ ನೋವು ಇನ್ನೂ ಇದೆ. ನೀವು ಬರೆಯಬೇಕಾದದ್ದು ಇಂಥದ್ದನ್ನೇ: ಯಾವ ಮಳೆಗೆ ಎಲ್ಲಿ ನೀರು ಏರುತ್ತದೆ, ಯಾವ ಧರೆ ಜರಿದಿತ್ತು, ಕಾಲುಸಂಕ ದಾಟಿ ಬರುವ ಮಕ್ಕಳು ಎಲ್ಲಿ ರಸ್ತೆ ಹತ್ತುತ್ತಾರೆ. ಸರ್ವೆಯ ಯಂತ್ರಕ್ಕೆ ಇವು ಕಾಣಿಸುವುದಿಲ್ಲ.

ಅಮೆರಿಕದಲ್ಲಿ ಪ್ರತಿ ರಾಜ್ಯವೂ ಕನಿಷ್ಠ 20 ವರ್ಷ ಮುಂದಕ್ಕೆ ನೋಡುವ ಸಾರಿಗೆ ಯೋಜನೆ ಮಾಡಬೇಕು, ಅದರ ಬಗ್ಗೆ ಜನರ ಅಭಿಪ್ರಾಯ ಕೇಳಬೇಕು ಎಂದು ಅಲ್ಲಿನ ಕೇಂದ್ರ ಕಾನೂನೇ ಹೇಳುತ್ತದೆ. ನಮಗೂ ಅಂಥ ಕಟ್ಟುಪಾಡು ಬೇಕು. ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ನಡುವಿನ ಅರವತ್ತೊಂದು ವರ್ಷ ತುಮರಿಯ ಕಡೆಯ ಬಸುರಿಯರೂ ರೋಗಿಗಳೂ ಹೇಗೆ ಸಾಗರಕ್ಕೆ ಬರುತ್ತಿದ್ದರೆಂದು ಲಾಂಚಿಗೆ ಕಾದವರನ್ನು ಕೇಳಿ. ವಿದ್ಯುತ್ತಿನ ಲೆಕ್ಕ ಹಾಕಿದ ದಿನವೇ ಅವರ ದಾರಿಯ ಲೆಕ್ಕವನ್ನೂ ಹಾಕಬೇಕಿತ್ತು.

ಪ್ರಶ್ನೆ: ಗ್ರಾಮಸಭೆಯ ನಿರ್ಣಯಕ್ಕೆ ಬೆಲೆಯಿದೆಯೇ?
– ಇನ್ನೊಬ್ಬ ಓದುಗರು, ಸಾಗರ

ಉತ್ತರ: ನಿರ್ಣಯವೊಂದರಿಂದಲೇ ಹೆದ್ದಾರಿ ಕೆಲಸ ನಿಲ್ಲುವುದಿಲ್ಲ. ಆದರೆ ಕಡತಕ್ಕೆ ಸೇರಿದ ಕಾಗದವನ್ನು ಮುಂದೆ ಬರುವ ಅಧಿಕಾರಿಯೂ ಓದಲೇಬೇಕಾಗುತ್ತದೆ. ಪಂಚಾಯಿತಿಯಿಂದ ನಡಾವಳಿಯ ದೃಢೀಕೃತ ಪ್ರತಿ ಪಡೆದು ಅರ್ಜಿಗೆ ಲಗತ್ತಿಸಿ. ಉದ್ದೇಶಿತ ಮಾರ್ಗದ ನಕ್ಷೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿಯ ನಿಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆ, ದಿನಾಂಕ ಬೀಳುವವರೆಗೆ ಕಿಟಕಿಯ ಮುಂದಿನಿಂದ ಕದಲಬೇಡಿ.