ತದಡಿಯ ಕಲ್ಲಿದ್ದಲು ಸ್ಥಾವರವನ್ನು ಕೈಬಿಟ್ಟಿದ್ದರಿಂದ ನಷ್ಟವಾಯಿತೇ?

ಗೋಕರ್ಣದ ಬಳಿಯ ತದಡಿಯಲ್ಲಿ ಬರಬೇಕಿದ್ದ ಉಷ್ಣ ವಿದ್ಯುತ್ ಸ್ಥಾವರ ಏಕೆ ನಿಂತಿತು, ಪಾಳುಬಿದ್ದ ಉಪ್ಪುನೆಲಕ್ಕಾಗಿ ಅಷ್ಟೊಂದು ವಿರೋಧ ಬೇಕಿತ್ತೇ ಎಂದು ಕೇಳಿದ್ದೀರಿ. ನಾನು ಕುಮಟಾ ಕಡೆಯವನು. ಆ ನೆಲ ಪಾಳುಬಿದ್ದಿರಲಿಲ್ಲ.

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಅಂಚಿನಲ್ಲಿ ಗಜನಿ ಭೂಮಿಯಿದೆ, ಅಂದರೆ ಉಪ್ಪುನೀರು ಹತ್ತುವ ತಗ್ಗು ಗದ್ದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಗೊಬ್ಬರ ಬೇಡ, ನೆರೆ ಬಂದರೂ ತಲೆಯೆತ್ತಿ ನಿಲ್ಲುವ ತಳಿ. ಮಾಣಿಕಟ್ಟಾದ ರೈತರು ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿ, ಮೀನಿಗೆ ಮೇವಾಗುತ್ತದೆ. ಭತ್ತದ ನಂತರ ಅದೇ ಗದ್ದೆ ಸಿಗಡಿಯ ಫಸಲು ಕೊಡುತ್ತದೆ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಚಿಪ್ಪಿಕಲ್ಲು (ತಿನ್ನುವ ಚಿಪ್ಪುಜೀವಿ) ಬಾಚುವವರನ್ನು ನೋಡಬೇಕು ನೀವು. ಬಂಡವಾಳವಿಲ್ಲದೆ ಸಂಜೆಗೆ ಕೈಗೆ ಕಾಸು ಬರುವ ಕೆಲಸ ಬಡವರಿಗೆ ಬೇರೆಲ್ಲಿದೆ? ಸಾಣಿಕಟ್ಟಾದ ಉಪ್ಪಿನ ಆಗರವೂ ಇದೇ ನೀರನ್ನು ನಂಬಿದೆ.

2006ರ ಸುಮಾರಿಗೆ ಕೇಂದ್ರ ಸರ್ಕಾರ ತದಡಿಯನ್ನು 4,000 ಮೆಗಾವ್ಯಾಟಿನ ಬೃಹತ್ ಯೋಜನೆಗಳ ಪಟ್ಟಿಗೆ ಸೇರಿಸಿತು. ಅದಕ್ಕಾಗಿ 'ಕೋಸ್ಟಲ್ ಕರ್ನಾಟಕ ಪವರ್ ಲಿಮಿಟೆಡ್' ಎಂಬ ಕಂಪನಿಯೂ ಹುಟ್ಟಿತು. ಆ ಗಾತ್ರದ ಸ್ಥಾವರಕ್ಕೆ ವರ್ಷಕ್ಕೆ ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು, ಅದೂ ಹಡಗಿನಲ್ಲಿ ಬರಬೇಕು. ಬೂದಿಗೆ ಜಾಗ ಬೇಕು. ಯಂತ್ರ ತಂಪಾಗಿಸಿದ ಬಿಸಿನೀರನ್ನು ಎಲ್ಲಾದರೂ ಬಿಡಬೇಕು. ಉಪ್ಪು-ಸಿಹಿಯ ಹದದಲ್ಲೇ ಬದುಕುವ ಚಿಪ್ಪಿಯ ಮಗ್ಗುಲಲ್ಲಿ ಇದೆಲ್ಲವನ್ನೂ ತಂದಿಡುವುದು ಹೇಗೆ?

ಮೀನುಗಾರರು, ರೈತರು, ಪರಿಸರ ಹೋರಾಟಗಾರರು ಒಟ್ಟಾಗಿ ಎದ್ದು ನಿಂತರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳಿವೆಯ ಜೀವಸಂಪತ್ತನ್ನು ದಾಖಲಿಸಿದ್ದು ಜನರ ಮಾತಿಗೆ ಬಲ ಕೊಟ್ಟಿತು. ಕಾಳಿ ನದಿಗೆ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ: ನಮ್ಮ ಉತ್ತರ ಕನ್ನಡ ಜಿಲ್ಲೆ ಅಷ್ಟೊತ್ತಿಗಾಗಲೇ ಸಾಕಷ್ಟು ಕೊಟ್ಟಾಗಿತ್ತು ಎಂಬ ಸಿಟ್ಟೂ ಇತ್ತು, ಅದು ನ್ಯಾಯವಾದದ್ದೇ. ಕೊನೆಗೆ ಸರ್ಕಾರ ಬೇರೆ ಜಾಗ ಹುಡುಕತೊಡಗಿ ಮೂಡುಬಿದಿರೆ ಬಳಿಯ ನಿಡ್ಡೋಡಿಯ ಹೆಸರು ಬಂತು. 2013ರಲ್ಲಿ ಅಲ್ಲಿಯೂ ಜನ ಬೀದಿಗಿಳಿದರು, ಅಲ್ಲಿಯೂ ಸ್ಥಾವರ ಏಳಲಿಲ್ಲ.

ವಿದ್ಯುತ್ ಬೇಡವೆಂದು ನಾನು ಹೇಳುತ್ತಿಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಎದ್ದಿದೆ. ಹಾರುಬೂದಿಯ ಬಗ್ಗೆ ಅಲ್ಲಿನ ರೈತರು ಏನು ಹೇಳುತ್ತಾರೆ ಎಂದು ಒಮ್ಮೆ ಹೋಗಿ ಕೇಳಿ. ನಷ್ಟದ ಲೆಕ್ಕ ಹಾಕುವಾಗ ಅದನ್ನೂ ಸೇರಿಸಬೇಕು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸರ್ ತಾಣಗಳ, ಪಟ್ಟಿಗೆ ಸೇರಿತು. ಆದರೂ ನನಗೆ ಪೂರ್ತಿ ನೆಮ್ಮದಿಯಿಲ್ಲ. ಸ್ಥಾವರದ ಮಾತು ನಿಂತ ಮೇಲೆ ಅದೇ ತದಡಿಗೆ ದೊಡ್ಡ ವಾಣಿಜ್ಯ ಬಂದರಿನ ಪ್ರಸ್ತಾವ ಬಂದಿತ್ತು. ಬಂದರೆಂದರೆ ಹಡಗಿಗಾಗಿ ತಳದ ಹೂಳೆತ್ತಬೇಕು, ಚಿಪ್ಪಿಕಲ್ಲು ಬೆಳೆಯುವುದು ಆ ತಳದಲ್ಲೇ.