ಮುಳುಗೋ ಮನೆಗೆ ಸುಣ್ಣ ಯಾಕೆ?

(ಹೆಸರು, ವಯಸ್ಸು, ಮನೆತನದ ವಿವರ ಬದಲಿಸಿದ್ದೇನೆ. ಊರು ಬಾಗಲಕೋಟೆ ಜಿಲ್ಲೆಯ ಕೃಷ್ಣಾ ದಂಡೆಯದು ಅಂತಷ್ಟೇ ತಿಳಿಯಿರಿ.)

ಶಿವಪ್ಪನವರನ್ನು ಆಪ್ತಸಲಹೆಗೆ ಅಂತ ನನ್ನ ಬಳಿ ಕರೆದುಕೊಂಡು ಬಂದದ್ದು ಅವರ ಹೆಂಡತಿ. ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಮಾತಿಲ್ಲ, ಸಂಜೆಯಾದರೆ ಕುಡಿತ. ವಯಸ್ಸು ಐವತ್ತೈದು ದಾಟಿದೆ. ಕಬ್ಬು, ಗೋವಿನಜೋಳ ಬೆಳೆಯುವ ಗಟ್ಟಿ ರೈತ. ಎರಡು ವರ್ಷದಿಂದ ಮನೆಯ ಮಾಳಿಗೆ ಸೋರುತ್ತಿದೆ, ಮುಟ್ಟಿಲ್ಲ. ಕೇಳಿದರೆ ಒಂದೇ ಮಾತು: "ಮುಳುಗೋ ಮನೀಗೆ ಯಾಕ್ರೀ ಅಕ್ಕಾರ ರೊಕ್ಕ ಸುರೀಬೇಕು?"

ಈ ಮಾತನ್ನು ಹಿನ್ನೀರಿನ ಊರುಗಳಲ್ಲಿ ತುಂಬಾ ಜನ ಆಡುತ್ತಾರೆ. ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಶಿವಪ್ಪ ಹುಟ್ಟುವ ಮೊದಲೇ. ಈಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ. 2010ರಲ್ಲಿ, ರಾಜ್ಯಗಳ ನಡುವೆ ಕೃಷ್ಣೆಯ ನೀರು ಹಂಚುವ ಕೃಷ್ಣಾ ನ್ಯಾಯಾಧಿಕರಣ ಅದನ್ನು 524.256 ಮೀಟರ್‌ಗೆ ಏರಿಸಬಹುದು ಎಂದಿತು. ಆದರೆ ರಾಜ್ಯಗಳ ಜಗಳ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಗೇಟು ಏರಿದರೆ ಇನ್ನೂ 20 ಹಳ್ಳಿ, ಸುಮಾರು 75 ಸಾವಿರ ಎಕರೆ ನೀರಿನಡಿ ಹೋಗುತ್ತದೆ. ಶಿವಪ್ಪನವರ ಊರು ಆ ಪಟ್ಟಿಯಲ್ಲಿದೆ. ಅವರಪ್ಪ "ಇನ್ನೇನು ಊರು ಬಿಟ್ಟು ಏಳಬೇಕು" ಎನ್ನುತ್ತಲೇ ತೀರಿಕೊಂಡರು. ಈಗ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಬಂದವರೆಲ್ಲ "ಮುಳುಗಡೆ ಊರಾಗ ಹುಡುಗಿ ಕೊಟ್ಟು ಏನ್ಮಾಡೂಣು" ಅಂತ ಎದ್ದು ಹೋಗುತ್ತಾರೆ.

ಮೊದಲು ಅವರನ್ನು ನೇರವಾಗಿ ಕೇಳಿದೆ: "ಯಜಮಾನ್ರೇ, ಸತ್ತು ಹೋಗಬೇಕು ಅಂತ ಯಾವಾಗಾದರೂ ಅನಿಸಿದೆಯಾ?" ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂದು ಹೆದರುವುದು ಬೇಡ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಅಷ್ಟು ಮುಂದ ಹೋಗಿಲ್ರೀ" ಎಂದರು. ಆಮೇಲೆ ತಾವಾಗಿಯೇ ಮಾತಿಗೆ ಇಳಿದರು. ತಂಗಿಯ ಗಂಡನ ಊರು ಮೊದಲೇ ಮುಳುಗಿದೆ. ಅವರೆಲ್ಲ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಪರಿಹಾರದ ರೊಕ್ಕ ಮದುವೆ, ಗಾಡಿ, ಸಾಲ ಅಂತ ಕರಗಿತು. ಹೊಲವಿದ್ದವರು ಕೂಲಿಗೆ ಹೋದರು. "ನಮ್ಮದೂ ಹಂಗ ಆಗೂದ" ಎನ್ನುವುದು ಅವರ ಭಯ.

ಹೆಂಡತಿ ಇದನ್ನು ಸೋಮಾರಿತನ ಅಂದುಕೊಂಡಿದ್ದರು. ನನಗೆ ಹಾಗೆ ಕಾಣಲಿಲ್ಲ. ಮನೆಯಲ್ಲಿ ಸಾವಾದರೆ ದಿನ ಮಾಡುತ್ತೇವೆ, ನೆಂಟರು ಬರುತ್ತಾರೆ, ಅಳಲು ಒಂದು ಜಾಗ ಸಿಗುತ್ತದೆ. ಇವರ ದುಃಖಕ್ಕೆ ತಾರೀಖೇ ಇಲ್ಲ. ಊರು ಕಣ್ಣೆದುರೇ ಇದೆ, ಆದರೂ ತಮ್ಮದಲ್ಲ. "ರೊಕ್ಕ ಬರ್ತದಲ್ಲ, ಯಾಕ ಚಿಂತಿ" ಎನ್ನುವವರು ಇದನ್ನು ಒಂದು ಕ್ಷಣ ಯೋಚಿಸಬೇಕು.

ಅವರಿಗೆ ಹೇಳಿದ್ದು ಇಷ್ಟು. ಆಣೆಕಟ್ಟಿನ ತೀರ್ಮಾನ ನಿಮ್ಮ ಕೈಯಲ್ಲಿಲ್ಲ, ಮಾಳಿಗೆ ನಿಮ್ಮ ಕೈಯಲ್ಲಿದೆ. ಈ ಮಳೆಗಾಲದಲ್ಲಿ ನೀವು ಮಲಗುವುದು ಇದೇ ಮನೆಯಲ್ಲಿ ಅಲ್ವಾ? ಹಾಗಿದ್ದರೆ ಸೋರದಷ್ಟು ಸರಿಮಾಡಿಸಿ. ಹೊಸ ಮಹಡಿ ಕಟ್ಟಿ ಎನ್ನುತ್ತಿಲ್ಲ. ಇನ್ನೊಂದು ವರ್ಷ ಇಲ್ಲೇ ಇದ್ದರೂ ಬೇಕಾಗುವ ಕೆಲಸ ಮಾಡಿ, ಉಳಿದದ್ದನ್ನು ಬಿಡಿ.

ಕುಡಿತದ ವಿಷಯ ಬೇರೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ದೇವರ ಮೇಲೆ ಆಣೆ ಹಾಕಿಸಿ ಬಿಡಿಸುವುದು ಬೇಡ ಎಂದು ಹೆಂಡತಿಗೆ ಹೇಳಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಎಂದೆ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ರೊಕ್ಕದ ಮಾತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಭೂಮಿಗೆ 30 ಲಕ್ಷ ಎಂದು ತೀರ್ಮಾನಿಸಿತು. ಆ ಸುದ್ದಿ ಬಂದ ಮೇಲೆ ಮಗ, ಬರುವ ಪರಿಹಾರ ತೋರಿಸಿ ಕಾರಿಗೆ ಕೈಸಾಲ ಎತ್ತಲು ಹೊರಟಿದ್ದ. ಕೈಗೆ ಬರದ ರೊಕ್ಕದ ಮೇಲೆ ಬಡ್ಡಿ ಮಾತ್ರ ಇವತ್ತಿನಿಂದಲೇ ಶುರುವಾಗುತ್ತದೆ. ಅದನ್ನು ಅವನೆದುರಿಗೇ ಲೆಕ್ಕ ಹಾಕಿ ತೋರಿಸಿದೆ. ಹೊಲದ ಉತಾರ (ಪಹಣಿ) ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಮೊದಲು ಅದನ್ನು ಸರಿಮಾಡಿಸಿ, ಬಾವಿ, ಬೋರು, ಪೈಪ್‌ಲೈನು, ಮಾವಿನ ಗಿಡ ಎಲ್ಲದರ ಫೋಟೊ ತೆಗೆದಿಡಿ ಎಂದೆ. ಒಪ್ಪಿಗೆ ಐತೀರ್ಪಿಗೆ, ಅಂದರೆ ಸರ್ಕಾರ ಹೇಳಿದ ದರಕ್ಕೆ ಒಪ್ಪಿದ್ದೇವೆ ಎನ್ನುವ ಕಾಗದಕ್ಕೆ, ಸಹಿ ಹಾಕಿದರೆ ಆಮೇಲೆ ಹೆಚ್ಚಿನ ಪರಿಹಾರ ಕೇಳುವ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಹಾಗಾಗಿ ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಬೇಡ ಎಂದೆ.

ತಂಗಿಯ ಪಾಲಿನ ಮಾತು ಎತ್ತಿದಾಗ ಶಿವಪ್ಪನವರಿಗೆ ಸಿಟ್ಟು ಬಂತು. "ಆಕೀಗೆ ಲಗ್ನದಾಗ ಬಂಗಾರ ಕೊಟ್ಟೇವ್ರಿ." ನಾನು ಬಿಡಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಈ ಮಾತು ಚೆಕ್ ಬಂದ ದಿನ ಎದ್ದರೆ ಕೋರ್ಟಿಗೆ ಹೋಗುತ್ತದೆ, ಅಣ್ಣ ತಂಗಿ ಪಂಚಮಿಗೂ ಮುಖ ನೋಡದಂತಾಗುತ್ತದೆ. ಅಂಥ ಮನೆಗಳನ್ನು ನಾನು ಕಂಡಿದ್ದೇನೆ. ಈಗಲೇ ಕರೆದು ಕೂರಿಸಿ ಮಾತಾಡಿ ಎಂದೆ. ತಂಗಿಗೆ ವಕೀಲರ ಖರ್ಚಿನ ಚಿಂತೆ ಬೇಡ, ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಪುಕ್ಕಟೆ ನೆರವಿದೆ.

ಮುಂದಿನ ಸಲ ತಂಗಿಯೂ ಜೊತೆಗೆ ಬಂದಿದ್ದರು. ಪಾಲು ಇನ್ನೂ ಬಗೆಹರಿದಿಲ್ಲ, ಆದರೆ ಮಾತು ಶುರುವಾಗಿದೆ. ಮಾಳಿಗೆ ಆಗಿದೆ. ಕುಡಿತ ಕಡಿಮೆಯಾಗಿದೆ, ನಿಂತಿಲ್ಲ. ಗುಳಿಗೆ ತಪ್ಪಿಸಬೇಡಿ ಎಂದು ಇನ್ನೊಮ್ಮೆ ಹೇಳಿದ್ದೇನೆ. ಮಗನ ಲಗ್ನಕ್ಕೆ ಹೆಣ್ಣಿನವರು ಬಂದರೆ ಊರಿನ ವಿಷಯ ಮುಚ್ಚಿಡದೆ, ಎಲ್ಲಿಗೆ ಹೋಗುತ್ತೇವೆ, ಹೇಗೆ ಬದುಕುತ್ತೇವೆ ಅಂತ ಅವನೇ ಬಾಯಿಬಿಟ್ಟು ಹೇಳಲಿ ಎಂದಿದ್ದೇನೆ. ಅದಕ್ಕಾದರೂ ಅಪ್ಪ ಮಗ ಕೂತು ಮುಂದಿನ ಹೊಲ ಎಲ್ಲಿ ಅಂತ ಯೋಚಿಸಬೇಕಾಗುತ್ತದೆ. ಹೋದ ವಾರ ಇಬ್ಬರೂ ಒಂದು ಕಡೆ ಹೊಲ ನೋಡಿ ಬಂದರಂತೆ. ರೇಟು ಜಾಸ್ತಿಯಾಯಿತು, ಬಿಟ್ಟು ಬಂದರು. ಇನ್ನೊಂದು ಕಡೆ ನೋಡುತ್ತಾರಂತೆ.